ಅರ್ಧ ಕ್ರಾಪು, ಇಡೀ ಬಸ್ಸು

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಮೂರನೆಯ ಬಾಗಿಲು ಅಪ್ಪ-ಮಗಳ ಕ್ಷೌರದಂಗಡಿಯದು. ಒಳಗೆ ಎರಡೇ ಕುರ್ಚಿ. ಬಾಗಿಲ ಪಕ್ಕದ್ದು ಅಪ್ಪನದು. ಮೂವತ್ತು ವರ್ಷ ತಿರುಗಿ ತಿರುಗಿ ಅದರ ಕೀಲು ಸವೆದು, ಗಿರಾಕಿ ಕೂತ ಕೂಡಲೇ ಒಮ್ಮೆ ನರಳುತ್ತಿತ್ತು. ಒಳಗಿನದು ಮಗಳದು. ಅದಕ್ಕೆ ಮೂರೇ ವರ್ಷ, ಇನ್ನೂ ಹೊಸ ರೆಕ್ಸಿನ್ನಿನ ವಾಸನೆ ಹೋಗಿರಲಿಲ್ಲ.

ಮಗಳಿಗೆ ಇಪ್ಪತ್ತೇಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳೆಂದು ಅಜ್ಜಿ ಗುಬ್ಬಿ ಎಂದು ಕರೆದಿದ್ದಳು, ಆ ಹೆಸರೇ ನಿಂತುಬಿಟ್ಟಿತು. ಆಳು ಈಗಲೂ ಸಣ್ಣ, ಬಾಯಿ ಮಾತ್ರ ದೊಡ್ಡದು. ಕತ್ತರಿ ಕಂಡರೆ ಸಾಕು, ನೆಲಕ್ಕೆ ಬಿದ್ದು ಹೊರಳಾಡುವ ಮಕ್ಕಳನ್ನು ತಾಯಂದಿರು ಹುಡುಕಿಕೊಂಡು ಅವಳ ಹತ್ತಿರವೇ ಎಳೆದು ತರುತ್ತಿದ್ದರು. ಅವಳು ಮೊದಲು ನೀರು ಚಿಮ್ಮಿಸುವ ಬಾಟಲಿಯನ್ನು ಮಗುವಿನ ಕೈಗೆ ಕೊಟ್ಟು ತನ್ನ ತಲೆಯನ್ನು ಮುಂದೊಡ್ಡುತ್ತಿದ್ದಳು.

“ಮೊದ್ಲು ನೀನು ನಂಗೆ ಮಾಡು, ಆಮೇಲೆ ನಾನು ನಿಂಗೆ.”

ದಿನಕ್ಕೆ ನಾಲ್ಕು ಸಲ ತಲೆ ನೆನೆಸಿಕೊಂಡು ನಿಲ್ಲುವ ಮಗಳನ್ನು ಕಂಡು ಅಪ್ಪ ಬೈಯುತ್ತಿದ್ದ. “ನೆಗಡಿ ಹಿಡಿಯುತ್ತೆ ಕಣೇ, ಸಾಕು ಮಾಡು ನಿನ್ನ ನಾಟಕ.”

ಹೆದರಿದ ಮಗುವಿಗೆ ಹೇಗನಿಸುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಟ್ಟುವಾಗಲೇ ಅವಳ ಹೃದಯದಲ್ಲಿ ತೂತಿತ್ತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿತ್ತು. ಅತ್ತರೆ ತುಟಿ, ಉಗುರು ಎಲ್ಲ ಶಾಯಿಯಲ್ಲಿ ಅದ್ದಿದಂತೆ ನೀಲಿಯಾಗುತ್ತಿದ್ದವು. ಮೂರನೇ ವರ್ಷದಲ್ಲಿ ದೊಡ್ಡ ಆಪರೇಷನ್ ಆಯಿತು. ಎದೆಯ ನಡುವೆ ಗೇಣುದ್ದದ ಗೀಟೊಂದು ಉಳಿಯಿತು. ಆಮೇಲೆ ವರ್ಷಕ್ಕೊಮ್ಮೆ ಮಕ್ಕಳ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರುವುದು ರೂಢಿ. ಗೋಡೆಯ ಮೇಲೆ ಬಣ್ಣದ ಆನೆ, ಮೊಣಕಾಲೆತ್ತರದ ಕುರ್ಚಿ. ಹದಿನಾರು ತುಂಬಿದಾಗ ಆ ಕುರ್ಚಿಯಲ್ಲಿ ಕೂರಲು ನಾಚಿಕೆಯಾಗುತ್ತಿತ್ತು. ಅಲ್ಲಿಯ ಡಾಕ್ಟರು ಒಂದು ಚೀಟಿ ಬರೆದುಕೊಟ್ಟು, “ಇನ್ಮೇಲೆ ದೊಡ್ಡವರ ವಿಭಾಗಕ್ಕೆ ಹೋಗಮ್ಮ” ಎಂದಿದ್ದರು. ಚೀಟಿ ಬೀರುವಿನ ಖಾನೆ ಸೇರಿತು. ಈ ವರ್ಷ, ಮುಂದಿನ ವರ್ಷ ಎನ್ನುತ್ತ ಹನ್ನೊಂದು ವರ್ಷ ಕಳೆದವು. ಯಾರಾದರೂ ಕೇಳಿದರೆ ಮನೆಯವರೆಲ್ಲರದೂ ಒಂದೇ ಉತ್ತರ: “ಅದಾ? ಅದು ರಿಪೇರಿ ಆಗಿದೆ.”

ಈಚೆಗೆ ನಾಲ್ಕೈದು ತಿಂಗಳಿಂದ ಆಗಾಗ ಎದೆಯೊಳಗೆ ಯಾರೋ ಗಡಿಬಿಡಿಯಲ್ಲಿ ಮೆಟ್ಟಿಲಿಳಿದ ಹಾಗಾಗುತ್ತಿತ್ತು. ಗುಬ್ಬಿ ಅದನ್ನು ಚಹಾದ ಮೇಲೆ ಹಾಕಿದಳು. ದಿನಕ್ಕೆ ಐದು ಲೋಟ ಕುಡಿಯುತ್ತಿದ್ದವಳು ಮೂರಕ್ಕಿಳಿಸಿ, ಏನೋ ದೊಡ್ಡ ವ್ರತ ಹಿಡಿದವಳಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಆ ಸೋಮವಾರ ಬೆಳಿಗ್ಗೆ ಅವಳ ಕುರ್ಚಿಯಲ್ಲಿ ಕೂತಿದ್ದವನು ಹದಿನಾಲ್ಕನೇ ನಂಬರಿನ ಬಸ್ಸಿನ ಡ್ರೈವರು. ಐವತ್ತರ ಆಸುಪಾಸಿನ ದಪ್ಪ ಕುತ್ತಿಗೆಯ ಮನುಷ್ಯ, ಮಾತನಾಡಿದರೆ ಕನ್ನಡಿ ನಡುಗಬೇಕು. ಗುಬ್ಬಿ ಅವನನ್ನು ಡ್ರೈವರಣ್ಣ ಎನ್ನುತ್ತಿದ್ದಳು. ಎದುರಿನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಮುಂದಿನ ಟ್ರಿಪ್ಪಿನ ಮೊದಲು ಸಿಗುವ ಬಿಡುವಿನಲ್ಲಿ ಅವನು ಓಡಿ ಬಂದಿದ್ದ.

“ಬೇಗ ಬೇಗ ಮುಗಿಸು ತಂಗಿ. ಹತ್ತು ಐವತ್ತಕ್ಕೆ ಗಾಡಿ ತೆಗೀಬೇಕು. ಮಧ್ಯಾಹ್ನ ಗುರುತಿನ ಚೀಟಿಗೆ ಫೋಟೊ ಬೇರೆ. ಹೋದ ಸಲದ ಫೋಟೊ ನೋಡಿ ನನ್ನ ಹೆಂಡ್ತಿ, ‘ಇದ್ಯಾರನ್ನ ಪೊಲೀಸ್ನೋರು ಹಿಡ್ಕೊಂಡು ಹೋಗಿದ್ದು?’ ಅಂದ್ಲು.”

“ಈ ಸಲ ಮದುವೆ ಗಂಡಿನ ಹಾಗೆ ಮಾಡಿ ಕಳಿಸ್ತೀನಿ, ಸುಮ್ನೆ ತಲೆ ಅಲ್ಲಾಡಿಸದೆ ಕೂತ್ಕೊ ಅಣ್ಣ.”

ಎಡಗಡೆ ಮುಗಿಯಿತು. ಕಿವಿಯ ಮೇಲೆ ಗೆರೆ ಎಳೆದಂಥ ಕೆಲಸ. ಬಲಗಡೆಗೆ ಬಂದು ಬಾಚಣಿಗೆಯಲ್ಲಿ ಕೂದಲೆತ್ತಿ ಹಿಡಿದಳು, ಅಷ್ಟೇ. ಬಲಗೈಯ ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದಳು. ಬೆರಳು ಕತ್ತರಿಯನ್ನು ಮುಟ್ಟಿತು, ಹಿಡಿಯಲಿಲ್ಲ.

“ಏನು ತಂಗಿ, ಬೆಳಿಗ್ಗೆ ಬೆಳಿಗ್ಗೇನೇ ನಿದ್ದೆನಾ?” ಎಂದು ಡ್ರೈವರಣ್ಣ ನಕ್ಕ. ಗುಬ್ಬಿ ಏನಿಲ್ಲ ಎನ್ನಲು ಬಾಯಿ ತೆರೆದಳು. ಬಂದದ್ದು ಮಾತಲ್ಲ, ಹಸಿ ಮಣ್ಣಿನಂಥ ಏನೋ ಒಂದು ಸದ್ದು. ಡ್ರೈವರಣ್ಣ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಬಾಯಿಯ ಒಂದು ಬದಿ ಕೆಳಗೆ ಇಳಿದಿತ್ತು.

ಅವನ ನಗು ಅಲ್ಲೇ ನಿಂತಿತು. ತಿರುಗುವ ಕುರ್ಚಿಯಿಂದ ಒಂದೇ ನೆಗೆತಕ್ಕೆ ಇಳಿದು ಅವಳ ಎರಡೂ ಭುಜ ಹಿಡಿದುಕೊಂಡ.

“ತಂಗಿ, ನನ್ನ ನೋಡು. ನಗು ನೋಡೋಣ. ಎರಡೂ ಕೈ ಮೇಲೆತ್ತು.”

ಎಡಗೈ ಮೇಲೆ ಹೋಯಿತು. ಬಲಗೈ ಅರ್ಧಕ್ಕೇ ಜೋತುಬಿತ್ತು.

ಪಕ್ಕದ ಕುರ್ಚಿಯಲ್ಲಿ ಒಬ್ಬರ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ ಅಪ್ಪ ಬ್ರಷ್ಷು ಹಿಡಿದೇ ಓಡಿ ಬಂದ. “ಸುಸ್ತಾಗಿರ್ಬೇಕು, ಬೆಂಚಿನ ಮೇಲೆ ಮಲಗ್ಸಿ, ನೀರು ತರ್ತೀನಿ...”

“ನೀರೂ ಬೇಡ, ಮಲಗ್ಸೋದೂ ಬೇಡ!” ಡ್ರೈವರಣ್ಣ ಗುಡುಗಿದ. “ನಮ್ಮಮ್ಮನಿಗೂ ಹೀಗೇ ಆಗಿತ್ತು. ಸುಸ್ತು ಅಂತ ನಾವೂ ಮಲಗ್ಸಿದ್ವಿ. ಇದು ಪಾರ್ಶ್ವವಾಯು. ಆಸ್ಪತ್ರೆಗೆ, ಈಗಿಂದೀಗ್ಲೇ.”

ಆಂಬುಲೆನ್ಸಿಗೆ ಫೋನು ಮಾಡಿದರು. ಗಾಡಿ ಸೇತುವೆಯಾಚೆ ಇದೆ, ಸೇತುವೆಯ ರಿಪೇರಿ ನಡೆಯುತ್ತಿದೆ, ಸುತ್ತಿ ಬರಬೇಕು, ಅರ್ಧ ಗಂಟೆಯಾದರೂ ಬೇಕು ಎಂಬ ಉತ್ತರ ಬಂತು. ಡ್ರೈವರಣ್ಣ ರಸ್ತೆಯಾಚೆ ನಿಂತಿದ್ದ ತನ್ನ ಬಸ್ಸನ್ನು ನೋಡಿದ. ಆಸ್ಪತ್ರೆ ಸೇತುವೆಯ ಈಚೆಗೇ ಇತ್ತು. ಮರುಮಾತಿಲ್ಲದೆ ಗುಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಹೊರಟೇಬಿಟ್ಟ. ಕ್ಷೌರಕ್ಕೆಂದು ಅವನ ಕೊರಳಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ತಲೆಯ ಒಂದು ಬದಿ ನುಣ್ಣಗೆ, ಇನ್ನೊಂದು ಬದಿ ಪೊದೆ.

ಬಸ್ಸಿನಲ್ಲಿ ಆಗಲೇ ಆರು ಜನ ಹತ್ತಿ ಕೂತಿದ್ದರು.

“ಗಾಡಿ ಸೀದಾ ಆಸ್ಪತ್ರೆಗೆ ಹೋಗ್ತಿದೆ, ನಡುವೆ ಎಲ್ಲೂ ನಿಲ್ಲಲ್ಲ. ಇಳಿಯೋರು ಇಳೀರಿ!”

ಯಾರೂ ಇಳಿಯಲಿಲ್ಲ. ತೊಡೆಯ ಮೇಲೆ ಮೊಟ್ಟೆಯ ತಟ್ಟೆ ಇಟ್ಟುಕೊಂಡಿದ್ದ ಅಜ್ಜಿ ಅದನ್ನು ಪಕ್ಕದವರಿಗೆ ದಾಟಿಸಿ, “ಇಲ್ಲಿ ಕೂರಿಸಪ್ಪ, ನನ್ನ ಹೆಗಲಿಗೆ ಒರಗ್ಲಿ. ನಡಿ ನೀನು” ಎಂದಳು. ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡಿದ್ದ ಎಲೆಕ್ಟ್ರಿಷಿಯನ್ ಬಾಗಿಲ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತ ಗಾಡಿಗಳನ್ನು ಸರಿಸಿದ. ಇಬ್ಬರು ಕಾಲೇಜು ಹುಡುಗಿಯರು ಆಸ್ಪತ್ರೆಗೆ ಫೋನು ಮಾಡಿ, ಒಬ್ಬಳು ಹೇಳಿದ್ದನ್ನೇ ಇನ್ನೊಬ್ಬಳೂ ಹೇಳುತ್ತ, ವಿಷಯ ಮುಟ್ಟಿಸಿದರು. ಹಿಂದೆಯೇ ಓಡಿ ಬಂದು ಹತ್ತಿ, ಸೀಟಿನಲ್ಲಿ ಬಗ್ಗಿ ಕೂತಿದ್ದ ಅಪ್ಪನ ಕೈಯನ್ನು ಇನ್ನೊಬ್ಬ ಪ್ರಯಾಣಿಕ ಹಿಡಿದುಕೊಂಡ. ಆ ಕೈಯಲ್ಲಿ ಸೋಪಿನ ಬ್ರಷ್ಷು ಇನ್ನೂ ಇತ್ತು. ಕೊನೆಯ ಸೀಟಿನಲ್ಲಿ ಮಲಗಿದ್ದವನೊಬ್ಬ ಆಸ್ಪತ್ರೆಯ ಗೇಟಿನಲ್ಲಿ ಎಚ್ಚರಗೊಂಡು, “ಇದ್ಯಾವ ಸ್ಟಾಪು?” ಎಂದು ಕೇಳಿದ.

ತುರ್ತು ವಿಭಾಗದ ಬಾಗಿಲಲ್ಲಿ ಇನ್ನೊಂದು ಎಡವಟ್ಟಾಯಿತು. ಗಾಲಿಕುರ್ಚಿ ತಂದ ನರ್ಸು, ಅರ್ಧ ತಲೆ ಬೋಳಿಸಿದಂತಿದ್ದ ಡ್ರೈವರಣ್ಣನನ್ನೂ ಅವನ ಮೈಮೇಲಿನ ಬಟ್ಟೆಯನ್ನೂ ನೋಡಿ, ತಲೆಯ ಆಪರೇಷನ್ನಿಗೆ ಸಿದ್ಧಮಾಡಿದ ರೋಗಿಯೇ ವಾರ್ಡಿನಿಂದ ಎದ್ದು ಬಂದಿದ್ದಾನೆಂದುಕೊಂಡಳು. “ನೀವ್ಯಾಕೆ ಎದ್ದು ಓಡಾಡ್ತಿದ್ದೀರ? ಕೂತ್ಕೊಳ್ಳಿ ಮೊದ್ಲು!”

“ನಾನಲ್ಲ ಸಿಸ್ಟರ್, ಇವಳು! ನಂದು ಬರೀ ಕ್ರಾಪು!”

ನರರೋಗದ ಡಾಕ್ಟರು ಕೂದಲನ್ನು ಬಿಗಿಯಾಗಿ ಕಟ್ಟಿದ, ಮಾತು ಕಡಿಮೆಯ ಹೆಂಗಸು. ಗುಬ್ಬಿಯ ಕಣ್ಣಿಗೆ ಟಾರ್ಚು ಬಿಡುತ್ತಲೇ ಕೇಳಿದರು: “ಸರಿಯಾಗಿ ಎಷ್ಟು ಗಂಟೆಗೆ ಶುರುವಾಯ್ತು? ಅಂದಾಜು ಬೇಡ.”

ಅಪ್ಪ ತಡವರಿಸಿದ. “ಈಗಷ್ಟೇ... ಆಗ್ಲೇ... ಗಡ್ಡಕ್ಕೆ ಸೋಪು ಹಚ್ತಿದ್ದೆ...”

“ಹತ್ತು ಮೂವತ್ತೆಂಟು,” ಎಂದ ಡ್ರೈವರಣ್ಣ. “ಹತ್ತು ಐವತ್ತಕ್ಕೆ ಗಾಡಿ ತೆಗೀಬೇಕಿತ್ತು ಮೇಡಂ. ನನ್ನ ಒಂದು ಕಣ್ಣು ಗಡಿಯಾರದ ಮೇಲೇ ಇತ್ತು.”

ಡಾಕ್ಟರು ತಮ್ಮ ಕೈಗಡಿಯಾರ ನೋಡಿಕೊಂಡರು. ಹನ್ನೊಂದಕ್ಕೆ ಎರಡು ನಿಮಿಷವಿತ್ತು. “ನಿಮ್ಮಂಥ ಸಾಕ್ಷಿ ದಿನಾ ಸಿಗಲ್ಲ,” ಎಂದರು. ಮೆದುಳಿನ ಸ್ಕ್ಯಾನ್ ಆಯಿತು. ಒಳಗೆ ರಕ್ತ ಸೋರಿಲ್ಲ, ಒಂದು ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎಂದು ತಿಳಿಯಿತು. ಹೆಪ್ಪು ಕರಗಿಸುವ ಔಷಧಿಯನ್ನು ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಗುಬ್ಬಿಗೆ ಒಂದು ಗಂಟೆಯೊಳಗೇ ಅದನ್ನು ಕೊಟ್ಟದ್ದಾಯಿತು.

ಅಮ್ಮ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಿಂದ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. ಅಪ್ಪ-ಅಮ್ಮ ಇಬ್ಬರೂ ಮಂಚದ ಎರಡು ಬದಿ ಕೂತು, ಮಗಳ ಬಲಗೈಯನ್ನು ಕಣ್ಣು ಮಿಟುಕಿಸದೆ ಕಾಯ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಹೆಬ್ಬೆರಳು ಅಲುಗಿತು. ನಾಲ್ಕೂವರೆಗೆ ಮುಷ್ಟಿ ಕಟ್ಟಿತು. ಐದಕ್ಕೆ ಡ್ರೈವರಣ್ಣ ಮತ್ತೆ ಬಂದ. ಬಸ್ಸನ್ನು ಡಿಪೋಗೆ ಒಪ್ಪಿಸಿ, ಫೋಟೊವನ್ನೂ ತೆಗೆಸಿಕೊಂಡಿದ್ದ. ಫೋಟೊದವನು ನಾಳೆ ಬನ್ನಿ ಎಂದು ಎಷ್ಟು ಬೇಡಿಕೊಂಡರೂ, ಇವತ್ತೇ ಕೊನೇ ದಿನ ಎಂದು ಅದೇ ತಲೆಯಲ್ಲಿ ಕೂತಿದ್ದನಂತೆ.

ಗುಬ್ಬಿ ಅವನನ್ನು ಬಹಳ ಹೊತ್ತು ನೋಡಿದಳು. ತುಟಿ ಅತ್ತಿತ್ತ ಹೊರಳಿತು. ಒಂದೊಂದೇ ಅಕ್ಷರ ಹುಡುಕಿ ತೆಗೆದಂತೆ ಮಾತು ಬಂತು.

“ಅಣ್ಣಾ... ಬಲಗಡೆ... ಬಾಕಿ.”

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡ್ರೈವರಣ್ಣ ನಗಲು ಹೋಗಿ, ನಗು ದಾರಿ ತಪ್ಪಿ, ಇಡೀ ವಾರ್ಡು ತಿರುಗಿ ನೋಡುವಂತೆ ಗೊಳೋ ಎಂದು ಅತ್ತ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಅಪ್ಪ ಅವನ ಬಲಗಡೆ ಮುಗಿಸಿಕೊಟ್ಟ. ಗುಬ್ಬಿ ಕಿಟಕಿಯಿಂದ ನೋಡಿ, “ಗೆರೆ... ಸೊಟ್ಟ” ಎಂದು ಅಪ್ಪನ ತಪ್ಪನ್ನೂ ಹಿಡಿದಳು.

ಮೂರನೆಯ ದಿನ ಹೃದಯದ ಡಾಕ್ಟರು ಬಂದರು. ನರೆತ ಹುಬ್ಬಿನ, ನಿಧಾನದ ಮನುಷ್ಯ. ಕುರ್ಚಿ ಎಳೆದುಕೊಂಡು ಕೂತು ಗುಬ್ಬಿಯನ್ನೇ ಕೇಳಿದರು.

“ಎದೆ ತೋರಿಸಿ ಎಷ್ಟು ದಿನ ಆಯ್ತಮ್ಮ?”

“ಹನ್ನೊಂದು... ವರ್ಷ.”

ಅಪ್ಪ ತಲೆ ತಗ್ಗಿಸಿದ. “ತಪ್ಪು ನಮ್ದೇ ಡಾಕ್ಟ್ರೇ. ರಿಪೇರಿ ಆಗಿದೆ, ಇನ್ನೇನಿದೆ ಅಂದ್ಕೊಂಡ್ವಿ.”

“ರಿಪೇರಿ ಮಾಡಿದವರು ಒಳ್ಳೇ ಕೆಲಸಗಾರರು. ತೇಪೆ ಇವತ್ತಿಗೂ ಗಟ್ಟಿ ಇದೆ. ಆದ್ರೆ ಹೊಲಿದ ಜಾಗ ಹೊಲಿದ ಜಾಗವೇ.”

ಅಮ್ಮ ತಟ್ಟನೆ ತಲೆಯೆತ್ತಿದಳು. “ಹೊಲಿಗೆ ಸುತ್ತ ಬಟ್ಟೆ ಜಗ್ಗುತ್ತೆ ಸಾರ್. ಬೆಳೆಯೋ ಮಕ್ಕಳ ಅಂಗಿಯಲ್ಲಿ ಅಲ್ಲೇ ಮೊದ್ಲು ಬಿಡೋದು.”

“ನೋಡಿ, ನನಗಿಂತ ಚೆನ್ನಾಗಿ ನೀವೇ ಹೇಳಿದ್ರಿ,” ಎಂದು ಡಾಕ್ಟರು ನಕ್ಕರು. “ಹೊಲಿಗೆಯ ಗಾಯದ ಗುರುತು ಒಳಗೆ ಉಳಿದಿರುತ್ತೆ. ವರ್ಷ ಕಳೆದ ಹಾಗೆ ಹೃದಯದ ಮಿಡಿತ ಅದರ ಸುತ್ತ ದಾರಿ ತಪ್ಪಬಹುದು. ಲಯ ತಪ್ಪಿದಾಗ ಮೇಲಿನ ಕೋಣೆಯಲ್ಲಿ ರಕ್ತ ಸರಿಯಾಗಿ ಹರಿಯದೆ ಮೂಲೇಲಿ ನಿಂತು ಹೆಪ್ಪುಗಟ್ಟುತ್ತೆ. ಆ ಹೆಪ್ಪಿನ ಚೂರೇ ಮೆದುಳಿಗೆ ಹೋಗಿದ್ದು. ಎದೆ ಡವಡವ ಅಂತಿರಲಿಲ್ವಾ?”

“ಚಹಾ... ಅಂದ್ಕೊಂಡೆ.”

“ಪಾಪ ಚಹಾ. ಅದರದೇನೂ ತಪ್ಪಿಲ್ಲ.”

“ಇಪ್ಪತ್ತೇಳಕ್ಕೇ... ಯಾಕೆ?”

“ನಿನ್ನ ವಯಸ್ಸಿನ ಬೇರೆಯವರಲ್ಲಿ ಇದು ತೀರಾ ಅಪರೂಪ. ಚಿಕ್ಕಂದಿನಲ್ಲಿ ಹೃದಯದ ಆಪರೇಷನ್ ಆದವರಲ್ಲಿ ಅಷ್ಟು ಅಪರೂಪ ಅಲ್ಲ. ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ. ಹೆದರಿಕೊಂಡು ಕೂರೋದೂ ಬೇಡ, ಮರೆತು ಕೂರೋದೂ ಬೇಡ. ವರ್ಷಕ್ಕೊಮ್ಮೆ ಬಂದು ತೋರಿಸ್ಬೇಕು. ಲಯ ತಪ್ಪಿದ್ರೆ ಸರಿ ಮಾಡೋಕೆ ದಾರಿ ಇದೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಇದೆ. ಇನ್ನೊಂದೆರಡು ವಾರ ಬಿಟ್ಟು ಶುರು ಮಾಡೋಣ. ಆ ಮಾತ್ರೆ ತಗೊಂಡಾಗ ಸಣ್ಣ ಗಾಯ ಆದ್ರೂ ರಕ್ತ ಬೇಗ ನಿಲ್ಲಲ್ಲ. ಕೆಲಸ ಏನು ನಿಂದು?”

“ಕ್ಷೌರ.”

ನರೆತ ಹುಬ್ಬುಗಳೆರಡೂ ಮೇಲೇರಿದವು. “ಬ್ಲೇಡು ಹಿಡಿಯೋ ಕೆಲಸಾನಾ?”

“ಬ್ಲೇಡು... ಬೇರೆಯವರ ಮುಖಕ್ಕೆ ಸಾರ್. ನನಗಲ್ಲ.”

ಮೂರು ದಿನದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಡಾಕ್ಟರು ಹೊರಗೆ ಹೋಗುವವರೆಗೂ ನಗುತ್ತಲೇ ಇದ್ದರು.

ಮಾತು ಬೇಗ ಮರಳಿತು. ಇನ್ನೂ ಎರಡು ದಿನ ನಿಧಾನವಾಗಿ ಬಂದಿದ್ದರೆ ಮನೆಯವರಿಗೆ ಸ್ವಲ್ಪ ವಿಶ್ರಾಂತಿಯಾದರೂ ಸಿಗುತ್ತಿತ್ತು ಎಂದು ಅಪ್ಪ ಚುಡಾಯಿಸಿದ. ಕೈ ಮಾತ್ರ ಹಟ ಹಿಡಿಯಿತು. ಲೋಟ ಹಿಡಿಯುತ್ತಿತ್ತು, ಗುಂಡಿ ಹಾಕುತ್ತಿರಲಿಲ್ಲ. ವ್ಯಾಯಾಮ ಮಾಡಿಸುವವರು ಜೇಡಿಮಣ್ಣು ಹಿಸುಕಲು ಕೊಟ್ಟರು, ಬಟ್ಟೆಯ ಕ್ಲಿಪ್ಪು ತೆರೆದು ಮುಚ್ಚಲು ಕೊಟ್ಟರು. ಗುಬ್ಬಿ ನಾಲ್ಕು ದಿನ ಮಾಡಿ ಐದನೇ ದಿನ ಮುಖ ತಿರುಗಿಸಿದಳು. “ಇದು ಕೈಗೆ ಕೆಲಸ ಅಲ್ಲ, ಕೈಗೆ ಶಿಕ್ಷೆ.”

ಮರುದಿನ ಅಪ್ಪ ಒಂದು ಪೊಟ್ಟಣ ಬಲೂನು, ಸೋಪಿನ ಬಟ್ಟಲು, ಬ್ರಷ್ಷು, ತನ್ನ ಹಳೆಯ ಮಡಿಸುವ ಕತ್ತಿ ಹಿಡಿದು ಬಂದ. ಅವನು ಕಸುಬು ಕಲಿತದ್ದು ಹಾಗೆ: ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದಂತೆ ಕತ್ತಿಯಲ್ಲಿ ನೊರೆ ತೆಗೆಯಬೇಕು. ಮಾತ್ರೆ ಇನ್ನೂ ಶುರುವಾಗಿಲ್ಲ ತಾನೇ ಎಂದು ವ್ಯಾಯಾಮದವರು ನರರೋಗದ ಡಾಕ್ಟರನ್ನು ಕೇಳಿ ಬಂದು, ಕತ್ತಿಯ ಬಾಯನ್ನು ಅಪ್ಪನಿಂದ ಮೊಂಡು ಮಾಡಿಸಿ, ಪಕ್ಕದಲ್ಲೇ ನಿಂತುಕೊಂಡರು.

ಮೊದಲ ಬಲೂನು ಟಪ್ಪೆಂದು ಒಡೆದು ನೊರೆಯೆಲ್ಲ ಅಪ್ಪನ ಮೀಸೆಗೆ ಹಾರಿತು. ಎದುರು ಮಂಚದ ತಾತನೊಬ್ಬ, ವಾರದಿಂದ ಯಾರೊಂದಿಗೂ ಮಾತಾಡದೆ ಗೋಡೆ ನೋಡುತ್ತಿದ್ದವನು, ಹೊಟ್ಟೆ ಹಿಡಿದುಕೊಂಡು ನಕ್ಕ. ಸದ್ದು ಕೇಳಿ ಓಡಿ ಬಂದ ನರ್ಸಿಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಬೆಳಿಗ್ಗೆ ಹತ್ತೂವರೆಗೆ ವಾರ್ಡಿನಲ್ಲಿ ಬಲೂನಿನ ಹೊತ್ತು. ನಡೆಯಬಲ್ಲವರು ಗೋಡೆ ಹಿಡಿದು ನಡೆದು ಬರುತ್ತಿದ್ದರು, ಆಗದವರು ಮಂಚದಿಂದಲೇ ಸಲಹೆ ಕೊಡುತ್ತಿದ್ದರು.

“ಮೆಲ್ಲಗೆ, ಮೆಲ್ಲಗೆ!”

“ಆ ಕಡೆಯಿಂದ ಬಾ ಮಗಳೇ, ಗಾಳಿ ಆ ಕಡೆ ಕಡಿಮೆ ಇದೆ!”

“ಸುಮ್ನಿರ್ರೀ ತಾತ, ಬಲೂನಿನಲ್ಲಿ ಆ ಕಡೆ ಈ ಕಡೆ ಇರುತ್ತಾ?”

ಹತ್ತೊಂಬತ್ತನೆಯ ಬಲೂನು ಉಳಿಯಿತು. ನೊರೆಯೆಲ್ಲ ಹೋಗಿ ಕೆಂಪಗೆ ಹೊಳೆಯುತ್ತ ಅವಳ ಎಡಗೈಯಲ್ಲಿ ನಿಂತಿತ್ತು. ಇಡೀ ವಾರ್ಡು ಚಪ್ಪಾಳೆ ತಟ್ಟಿತು. ಎದುರಿನ ತಾತ ಅದನ್ನು ತನಗೇ ಬೇಕೆಂದು ಇಸಿದುಕೊಂಡು ಮಂಚದ ಕಂಬಿಗೆ ಕಟ್ಟಿಕೊಂಡ.

ಆ ದಿನಗಳಲ್ಲೇ ಡಿಪೋದಲ್ಲಿ ಡ್ರೈವರಣ್ಣನ ವಿಚಾರಣೆಯೂ ನಡೆಯಿತು. ಹೇಳದೆ ಕೇಳದೆ ಮಾರ್ಗ ಬಿಟ್ಟು ಬಸ್ಸು ಓಡಿಸಿದ್ದೇಕೆ ಎಂದು ಮ್ಯಾನೇಜರು ಪತ್ರ ಕೊಟ್ಟಿದ್ದರು. ಆರು ಪ್ರಯಾಣಿಕರೂ ಸಾಕ್ಷಿ ಹೇಳಲು ಹೋದರು. ಮೊಟ್ಟೆಯ ಅಜ್ಜಿ ಮ್ಯಾನೇಜರ ಮೇಜಿನ ಮುಂದೆ ನಿಂತು, “ಮೂವತ್ತು ಮೊಟ್ಟೆಲಿ ಒಂದೂ ಒಡೀಲಿಲ್ಲ, ಅಂಥಾ ಓಡಿಸೋರು ನಿಮ್ಮಲ್ಲಿ ಇನ್ನೆಷ್ಟು ಜನ ಇದ್ದಾರೆ, ಹೇಳಿ ನೋಡೋಣ” ಎಂದು ಕೇಳಿದಳಂತೆ. ಮ್ಯಾನೇಜರು ಪತ್ರ ಹಿಂದಕ್ಕೆ ತೆಗೆದುಕೊಂಡರು. ಅರ್ಧ ಕ್ರಾಪಿನ ಗುರುತಿನ ಚೀಟಿ ಮಾತ್ರ ಮುಂದಿನ ಐದು ವರ್ಷ ಅದೇ. ಡ್ರೈವರಣ್ಣ ಅದನ್ನು ಎಲ್ಲರಿಗೂ ತಾನೇ ತೋರಿಸಿಕೊಂಡು ತಿರುಗಿದ.

ಏಳನೇ ವಾರ ಗುಬ್ಬಿ ಅಂಗಡಿಗೆ ಬಂದಳು. ಮೊದಲ ಗಿರಾಕಿಯಾಗಿ ಅವಳ ಕುರ್ಚಿಯಲ್ಲಿ ಅಪ್ಪನೇ ಕೂತ. ಮೂವತ್ತು ವರ್ಷದಿಂದ ಬೇರೊಬ್ಬರ ಕತ್ತರಿಗೆ ತಲೆ ಕೊಡದ ಮನುಷ್ಯ. ಕಿವಿಯ ಹಿಂದೆ ಒಂದು ಕಡೆ ಕತ್ತರಿ ಜಾರಿ ಹುಣಸೆ ಬೀಜದಷ್ಟು ಜಾಗ ಬೋಳಾಯಿತು. ಗುಬ್ಬಿಯ ಮುಖ ಚಿಕ್ಕದಾಯಿತು. ಅಪ್ಪ ಕೈಗನ್ನಡಿಯಲ್ಲಿ ಅತ್ತಿತ್ತ ತಿರುಗಿಸಿ ನೋಡಿಕೊಂಡ.

“ಚೆನ್ನಾಗಿದೆ. ಈ ಕಡೆನೂ ಒಂದು ಮಾಡು, ಜೋಡಿ ಆಗ್ಲಿ.”

ತಿಂಗಳ ಕೊನೆಗೆ ಹೃದಯದ ಡಾಕ್ಟರ ಹತ್ತಿರ ಹೋದಾಗ ಅವರು ಒಂದು ಮಾತು ಹೇಳಿದರು. “ನೀನೊಬ್ಬಳೇ ಅಲ್ಲಮ್ಮ. ಮಕ್ಕಳಾಗಿದ್ದಾಗ ಬಂದು, ದೊಡ್ಡವರಾದ ಮೇಲೆ ಕಾಣೆಯಾದವರ ಪಟ್ಟಿ ತುಂಬಾ ಉದ್ದ ಇದೆ. ಎಲ್ಲರೂ ಚೆನ್ನಾಗಿದ್ದೀವಿ ಅಂದ್ಕೊಂಡಿರ್ತಾರೆ.”

ಗುಬ್ಬಿ ಬಸ್ಸಿನಲ್ಲಿ ಮನೆಗೆ ಬರುವಾಗ ಸುಮ್ಮನಿದ್ದಳು. ಅವಳು ಸುಮ್ಮನಿದ್ದದ್ದನ್ನು ಕಂಡು ಅಮ್ಮನಿಗೆ ಜೀವ ಬಾಯಿಗೆ ಬಂತು. “ಏನಾಗ್ತಿದೆ? ಕೈ ಎತ್ತು!”

“ಏನೂ ಆಗ್ತಿಲ್ಲಮ್ಮ. ಆಪರೇಷನ್ ಆದಾಗ ನನ್ನ ಪಕ್ಕದ ಮಂಚದಲ್ಲಿ ಒಬ್ಳು ಇದ್ಲಲ್ಲ, ನನ್ನ ಬಿಸ್ಕತ್ತು ಕದ್ದು ತಿಂದೋಳು. ಎಲ್ಲಿದ್ದಾಳೆ ಈಗ?”

ಅಮ್ಮ ಹಳೆಯ ವಿಳಾಸದ ಪುಸ್ತಕ ತೆಗೆದಳು. ಇಬ್ಬರು ತಾಯಂದಿರೂ ಕೆಲವು ವರ್ಷ ಪತ್ರ ಬರೆದುಕೊಂಡಿದ್ದರು. ನಾಲ್ಕು ಕಡೆ ಫೋನು ಮಾಡಿದ ಮೇಲೆ ಸುಳಿವು ಸಿಕ್ಕಿತು. ಅವಳೀಗ ಇದೇ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಕೊರಳಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ ಅಲ್ಲಿ ಎಲ್ಲರಿಗೂ ಸೀಟಿ ಅಕ್ಕ.

ಶನಿವಾರ ಬೆಳಿಗ್ಗೆ ಗುಬ್ಬಿ ಹೋದಳು. ಬಿಸಿಲು ನೀರಿನ ಮೇಲೆ ಬಿದ್ದು ಗೋಡೆಯೆಲ್ಲ ಕುಣಿಯುತ್ತಿತ್ತು. ದಂಡೆಯ ಮೇಲೆ ಎತ್ತರದ, ಅಗಲ ಭುಜದ ಹೆಂಗಸೊಬ್ಬಳು ಸೀಟಿ ಊದುತ್ತ ಇಪ್ಪತ್ತು ಮಕ್ಕಳನ್ನು ಗದರುತ್ತಿದ್ದಳು. ಈಜುಡುಗೆಯ ಕೊರಳಿನಿಂದ ಅದೇ ಗೀಟು ಇಣುಕುತ್ತಿತ್ತು. ಗುಬ್ಬಿ ತನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿ ತನ್ನದನ್ನು ತೋರಿಸಿದಳು.

“ನನ್ನ ಬಿಸ್ಕತ್ತು ವಾಪಸ್ ಕೊಡೇ.”

ಸೀಟಿ ಅಕ್ಕ ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಅವಳು ಹಾಕಿದ ಕೂಗಿಗೆ ಮಕ್ಕಳೆಲ್ಲ ಈಜುವುದನ್ನು ನಿಲ್ಲಿಸಿದರು. ಒದ್ದೆ ಮೈಯಲ್ಲೇ ಗುಬ್ಬಿಯನ್ನು ತಬ್ಬಿ ನೆಲದಿಂದೆತ್ತಿದಳು. ಅರ್ಧ ಗಂಟೆ ಮಾತಿನ ಮೇಲೆ ಮಾತು, ನಗುವಿನ ಮೇಲೆ ನಗು. ಗುಬ್ಬಿ ನಡೆದದ್ದನ್ನೆಲ್ಲ ಹೇಳಿ ಕೊನೆಗೆ ವಿಷಯಕ್ಕೆ ಬಂದಳು.

“ನೀನು ತೋರಿಸಿ ಎಷ್ಟು ವರ್ಷ ಆಯ್ತು?”

“ಯಾರಿಗೆ ನೆನಪಿದೆ? ಹತ್ತೋ ಹನ್ನೆರಡೋ. ನನ್ನ ನೋಡೇ, ಕಲ್ಲುಗುಂಡಿನ ಹಾಗಿದ್ದೀನಿ. ದಿನಾ ನಲವತ್ತು ಸುತ್ತು ಈಜ್ತೀನಿ. ನಂಗ್ಯಾಕೆ ಡಾಕ್ಟ್ರು?”

“ನಾನೂ ಹೀಗೇ ಅಂತಿದ್ದೆ.”

“ನೀನು ಗುಬ್ಬಿ. ನಾನು ಆನೆ.”

“ಆನೆಗೂ ಒಂದೇ ಹೃದಯ ಕಣೇ. ಒಂದೇ ಒಂದು ಸಲ ಬಾ.”

“ನೋಡೋಣ, ಮುಂದಿನ ತಿಂಗ್ಳು...”

ಗುಬ್ಬಿ ಚಪ್ಪಲಿ ಬಿಚ್ಚಿಟ್ಟಳು. ಉಟ್ಟ ಬಟ್ಟೆಯಲ್ಲೇ ಮೆಟ್ಟಿಲಿಳಿದು ಮಕ್ಕಳ ಕಡೆಯ ಆಳವಿಲ್ಲದ ನೀರಿನಲ್ಲಿ ಸೊಂಟದವರೆಗೆ ನಿಂತು ಕೈ ಕಟ್ಟಿಕೊಂಡಳು. “ತಾರೀಖು ಹೇಳೋವರೆಗೂ ನಾನು ಮೇಲೆ ಬರಲ್ಲ.”

ಮಕ್ಕಳು ಕೇಕೆ ಹಾಕಿದರು. ಒಬ್ಬಳು, “ಸೀಟಿ ಅಕ್ಕ, ಇವರು ಟೋಪಿ ಹಾಕಿಲ್ಲ!” ಎಂದು ದೂರು ಕೊಟ್ಟಳು. ಸೀಟಿ ಅಕ್ಕ ಸೀಟಿ ಊದಿದಳು, ಗದರಿದಳು, ಬೇಡಿಕೊಂಡಳು. ಗುಬ್ಬಿ ಜಗ್ಗಲಿಲ್ಲ.

“ಮೇಲೆ ಬಾರೇ ಮಾರಾಯ್ತಿ, ನನ್ನ ಮರ್ಯಾದೆ ತೆಗೀಬೇಡ! ಬುಧವಾರ ಬರ್ತೀನಿ!”

ಬುಧವಾರ ಬಂದಳು. ಆಸ್ಪತ್ರೆಯ ಹೃದಯ ವಿಭಾಗದ ಪಡಸಾಲೆಯಲ್ಲಿ ಅಂದು ಕೂತಿದ್ದವರೆಲ್ಲ ಇಪ್ಪತ್ತು, ಮೂವತ್ತರವರೇ. ಒಬ್ಬ ಅಡುಗೆಯವನು, ಒಬ್ಬಳು ಬಸುರಿ ಟೀಚರು, ಸೂಟು ತೊಟ್ಟ ಇನ್ನೊಬ್ಬ. ಎಲ್ಲರ ಅಂಗಿಯ ಗುಂಡಿಗಳ ಹಿಂದೆ ಅದೇ ಗೀಟು. ಸೀಟಿ ಹತ್ತೇ ನಿಮಿಷದಲ್ಲಿ ಎಲ್ಲರ ಪರಿಚಯ ಮಾಡಿಕೊಂಡು ಮೂವರಿಗೆ ಈಜು ಕಲಿಸುವ ಮಾತು ಕೊಟ್ಟಳು. ಅವಳ ಎದೆಗೆ ಮಿಡಿತವನ್ನು ಬರೆದಿಟ್ಟುಕೊಳ್ಳುವ, ಬೆಂಕಿಪೊಟ್ಟಣದಷ್ಟು ಪುಟ್ಟ ಯಂತ್ರವೊಂದನ್ನು ಅಂಟಿಸಿ ಒಂದು ವಾರ ಬಿಟ್ಟು ಬರಲು ಹೇಳಿದರು.

ಮುಂದಿನ ಬುಧವಾರ ಡಾಕ್ಟರು ಉದ್ದದ ಕಾಗದ ಹರಡಿ ಬೆರಳಿಟ್ಟು ತೋರಿಸಿದರು. ವಾರದಲ್ಲಿ ಐದು ಸಲ, ಅವಳಿಗೆ ಗೊತ್ತೇ ಆಗದಂತೆ, ಹೃದಯ ಲಯ ತಪ್ಪಿತ್ತು. ಒಮ್ಮೆಯಂತೂ ಮೂರು ಗಂಟೆ. ಹೃದಯದ ಸ್ಕ್ಯಾನಿನಲ್ಲಿ ಮಾತ್ರ ಹೆಪ್ಪೇನೂ ಕಾಣಿಸಲಿಲ್ಲ.

ಸೀಟಿಯ ಮುಖ ಬಿಳುಪೇರಿತು. ಗುಬ್ಬಿಯ ಕೈಯನ್ನು ಮೂಳೆ ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಮತ್ತೆ ಈಜೋದು?”

“ಮಾತ್ರೆ ಇವತ್ತಿಂದ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ, ಮಿಡಿತ ದಾರಿ ತಪ್ಪೋ ಜಾಗಾನ ಸುಟ್ಟು ಸರಿ ಮಾಡ್ತೀವಿ. ಆದ ಮೇಲೆ ಒಂದು ತಿಂಗಳು ರಜೆ. ಆಮೇಲೆ ಎಷ್ಟು ಬೇಕಾದ್ರೂ ಈಜು,” ಎಂದರು ಡಾಕ್ಟರು. ಗುಬ್ಬಿಯ ಕಡೆ ತಿರುಗಿ, “ಇವಳಿಗೆ ಆದ್ಮೇಲೆ ನಿಂದೂ ಅದೇ ರೀತಿ ಮಾಡ್ಬೇಕು, ಒಟ್ಟಿಗೇ ದಿನ ಗೊತ್ತು ಮಾಡ್ಲಾ?” ಎಂದರು.

ಒಂದೇ ವಾರದಲ್ಲಿ, ಎರಡು ದಿನದ ಅಂತರದಲ್ಲಿ, ಇಬ್ಬರಿಗೂ ಆಯಿತು. ಈ ಸಲವೂ ಅಕ್ಕಪಕ್ಕದ ಮಂಚವನ್ನೇ ಕೇಳಿ ಹಾಕಿಸಿಕೊಂಡರು. ಕಾಲು ಅಲ್ಲಾಡಿಸದೆ ಮಲಗಿರಬೇಕೆಂದು ಕಟ್ಟಪ್ಪಣೆಯಾಗಿದ್ದರಿಂದ ಸೀಟಿ ಮಲಗಿದಲ್ಲಿಂದಲೇ ವಾರ್ಡನ್ನು ನಡೆಸಿದಳು. ಇಬ್ಬರ ನಗು ತಾರಕಕ್ಕೇರಿದಾಗ ನರ್ಸು ಬಾಗಿಲಲ್ಲಿ ನಿಂತಳು.

“ಇದು ಆಸ್ಪತ್ರೆ ಅಮ್ಮಾ, ಮದುವೆ ಮನೆ ಅಲ್ಲ!”

“ಕಾಲು ಅಲ್ಲಾಡಿಸದೇನೇ ನಗ್ತಿದ್ದೀನಿ ಸಿಸ್ಟರ್, ಬೇಕಾದ್ರೆ ನೋಡಿ!”

ನರ್ಸು ಮಿಡಿತ ತೋರಿಸುವ ಪರದೆಯ ಮೇಲೆ ಒಂದೇ ಸಮನೆ ಓಡುತ್ತಿದ್ದ ಹಸಿರು ಗೆರೆಯನ್ನು ನೋಡಿ, ಅಂಕಿ ಬರೆದುಕೊಂಡು, ತುಟಿ ಕಚ್ಚಿ ನಗು ತಡೆಯುತ್ತ ಹೊರಟುಹೋದಳು.

ತಿಂಗಳು ಕಳೆದ ಮೇಲೆ ಒಂದು ಭಾನುವಾರ, ಡಾಕ್ಟರ ಒಪ್ಪಿಗೆ ಪಡೆದು, ಗುಬ್ಬಿ ಜೀವನದಲ್ಲೇ ಮೊದಲ ಸಲ ಈಜುಡುಗೆ ತೊಟ್ಟಳು. ತಲೆಗೆ ಟೋಪಿಯನ್ನೂ ಹಾಕಿಕೊಂಡಳು. ಅಪ್ಪ, ಅಮ್ಮ ದಂಡೆಯ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ತೇಲುವ ಹಲಗೆ ಹಿಡಿದು ಅವಳು ನೀರಿಗಿಳಿದಳು. ಪಕ್ಕದಲ್ಲೇ ಎದೆಯಾಳದ ನೀರಿನಲ್ಲಿ ನಡೆಯುತ್ತ ಸೀಟಿ ಅರಚುತ್ತಿದ್ದಳು.

“ಕಾಲು ಹೊಡಿ! ಕಾಲು! ಅದು ಕಾಲೋ, ಬಾಳೆದಿಂಡೋ?”

ಅರ್ಧ ದಾರಿಯಲ್ಲಿ ಮೂಗಿಗೆ ನೀರು ಹೋಯಿತು. ಗುಬ್ಬಿ ಕೆಮ್ಮಿದಳು, ಬೈದಳು, ಮತ್ತೆ ಕಾಲು ಹೊಡೆದಳು. ಕೊನೆಗೆ ಅವಳ ಬಲಗೈ ಎದುರು ದಂಡೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿಯಿತು. ಬೆಂಚಿನ ಮೇಲಿದ್ದ ಅಪ್ಪ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದ. ಏನು ಕೂಗುತ್ತಿದ್ದಾನೆಂದು ಕಿವಿಯಲ್ಲಿ ನೀರು ತುಂಬಿದ್ದ ಅವಳಿಗೆ ಕೇಳಿಸಲಿಲ್ಲ.

“ಇನ್ನೊಂದು ಸಲ!” ಎಂದು ಅವಳೇ ಹಲಗೆ ತಿರುಗಿಸಿದಳು.